ಮಗಳಿಗೊಂದು ಪತ್ರ: ಬರೀ ಬೋರ್

ಪುಟ್ಟಿ,

ನೀನು ಬೆಂಗಳೂರಿನ ಬಸ್ ಹತ್ತಿದ ಮೇಲೆ ಮನೆಗೆ ಬಂದು ಅವರೆಕಾಯಿ ಬಿಡಿಸೋಕೆ ಕೂತೆ. ಅರ್ಧ ಮೊರ ಆಗುವಷ್ಟರಲ್ಲಿ ಕೈ ನಿಂತುಹೋಯ್ತು. ನೀನು ಆಡಿದ ಒಂದು ಮಾತು ತಲೆಯಿಂದ ಇಳೀತಾನೇ ಇರಲಿಲ್ಲ. ಫೋನಲ್ಲಿ ಹೇಳಿದರೆ ಬೈದ ಹಾಗೆ ಕೇಳಿಸುತ್ತೆ. ಅದಕ್ಕೇ ಕಾಗದ ತಗೊಂಡೆ.

ಹಬ್ಬದ ಮಾರನೇ ದಿನ ಮಧ್ಯಾಹ್ನ ಕರೆಂಟು ಹೋಗಿತ್ತು, ನಿನ್ನ ಫೋನಿನ ಚಾರ್ಜೂ ಮುಗಿದಿತ್ತು. ಜಗಲಿ ಮೇಲೆ ಕೂತು, ‘ಅಮ್ಮಾ, ಈ ಊರಲ್ಲಿ ಬರೀ ಬೋರ್’ ಅಂದೆ. ಕಂಬಕ್ಕೆ ಒರಗಿ ಕೂತಿದ್ದ ತಾತ ತಲೆ ಎತ್ತಿ, ‘ನಿಜ ತಾಯಿ, ಬರೀ ಬೋರೇ. ನಾನೊಬ್ನೇ ಆರು ಹಾಕ್ಸಿದ್ದೀನಿ, ಐದು ಒಣಗಿ ಕೂತವೆ’ ಅಂದರು. ನೀನು ನಕ್ಕೆ. ಮೊಮ್ಮಗಳು ನಕ್ಕಳಲ್ಲ ಅಂತ ಅವರೂ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ.

ನಿನ್ನ ಮೇಲೆ ಸಿಟ್ಟಿಲ್ಲ ಕಂದ. 26 ವರ್ಷದಿಂದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಡ್ತಿರೋಳು ನಾನು. ಈ ಒಂದು ಪದವನ್ನು ಎಷ್ಟು ಸಲ ಬೋರ್ಡಿನ ಮೇಲೆ ಬರೆದು ಅಳಿಸಿದ್ದೀನೋ. ಮನೆಯಲ್ಲಿ ಮಾತ್ರ ಯಾವತ್ತೂ ಬಿಡಿಸಿ ಹೇಳಲಿಲ್ಲ.

ಮೊದಲು ನೀನು ಬಳಸೋ ಬೋರ್. ಪ್ರತಿ ವರ್ಷ ನಮ್ಮ ಮಕ್ಕಳಲ್ಲಿ ಅರ್ಧಕ್ಕರ್ಧ ‘ಐ ಯಾಮ್ ಬೋರಿಂಗ್’ ಅಂತ ಬರೀತಾರೆ. ತಮಗೆ ಬೇಜಾರಾಗಿದೆ ಅಂತ ಅವರ ಮನಸ್ಸಿನಲ್ಲಿರುತ್ತೆ. ಆದರೆ ಆ ವಾಕ್ಯ ಹೇಳೋದು, ನಾನು ಬೇರೆಯವರಿಗೆ ಬೇಜಾರು ತರಿಸೋಳು ಅಂತ. ಬೇಜಾರು ಪಟ್ಟವರು ‘ಬೋರ್ಡ್’, ಪಡಿಸೋದು ‘ಬೋರಿಂಗ್’. ಪಾಠ ಬೋರಿಂಗ್ ಆದರೆ ಹುಡುಗಿ ಬೋರ್ಡ್. ಇದನ್ನು ಹೇಳಿಕೊಟ್ಟ ಮಾರನೇ ದಿನ ಅದೇ ಮಕ್ಕಳು ಕರಿಹಲಗೆಯ ಬೋರ್ಡಿನ ಸ್ಪೆಲಿಂಗ್ ಹಾಕಿಕೊಂಡು ಬರ್ತಾರೆ, ಯಾಕಂದ್ರೆ ಕಿವಿಗೆ ಎರಡೂ ಒಂದೇ. ಗಂಡುಹಂದಿಗೆ ಇಂಗ್ಲಿಷಿನಲ್ಲಿರೋ ಹೆಸರೂ ಬೋರ್ ಅಂತಲೇ ಕೇಳಿಸುತ್ತೆ. ಅದಕ್ಕೇ ಈ ಪದಗಳನ್ನು ಕಿವಿಯಿಂದ ಕಲಿಯೋದಲ್ಲ, ಕಣ್ಣಿಂದ ಕಲೀಬೇಕು ಅಂತೀನಿ.

ಕನ್ನಡದಲ್ಲಿ ನಾವು ಇದನ್ನು ಬೇರೆ ಥರ ಹೇಳ್ತೀವಿ, ನೋಡು. ‘ನನಗೆ ಬೋರ್ ಆಗ್ತಿದೆ’, ‘ಬೋರ್ ಹೊಡೀತಿದೆ’. ನನಗೆ ಹಸಿವಾಗ್ತಿದೆ, ನನಗೆ ಚಳಿಯಾಗ್ತಿದೆ ಅನ್ನೋ ಹಾಗೆ. ಇಂಗ್ಲಿಷಿನವರಿಗೆ ಅದು ತಾವು ಇರೋ ಸ್ಥಿತಿ. ನಮ್ಮಲ್ಲಿ ಹೊರಗಿಂದ ಬಂದು, ಸ್ವಲ್ಪ ಹೊತ್ತಿದ್ದು, ಎದ್ದು ಹೋಗೋ ನೆಂಟ. ನನಗೆ ನಮ್ಮದೇ ಇಷ್ಟ.

ಆ ಅರ್ಥದ ಬೋರ್ ಇಂಗ್ಲಿಷಿಗೇ ಹಳೇದಲ್ಲ. 18ನೇ ಶತಮಾನದ ನಡುಭಾಗಕ್ಕೆ ಬಂದಿದ್ದು. ಎಲ್ಲಿಂದ ಬಂತು ಅನ್ನೋದನ್ನು ನಿಘಂಟು ಮಾಡಿದವರೇ ಇನ್ನೂ ಖಚಿತ ಮಾಡಿಲ್ಲ. ಕೊರೆಯೋ ಬೋರ್ ಇದೆಯಲ್ಲ, ಅದು ತುಂಬಾ ಹಳೇದು, ಹಳೆಯ ಇಂಗ್ಲಿಷಿನ ಕಾಲದ್ದು. ಒಂದರಿಂದ ಇನ್ನೊಂದು ಹುಟ್ಟಿರಬಹುದು, ತಲೆಯನ್ನು ತೂತು ಮಾಡೋ ಹಾಗೆ ಮಾತಾಡೋನು ಬೋರ್ ಆಗಿರಬಹುದು ಅಂತ ಕೆಲವರು ಹೇಳ್ತಾರೆ. ಅದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಸುಮ್ಮನೆ ಕೂತುಬಿಟ್ಟೆ. ನಮ್ಮ ಭಾಷೆಯಲ್ಲೂ ಅದೇ ಆಗಿದೆಯಲ್ಲ! ‘ಅವನು ಬಂದ್ರೆ ಎರಡು ಗಂಟೆ ಕೊರೀತಾನೆ’, ‘ತಲೆ ಕೊರೀಬೇಡ ಹೋಗು’ ಅಂತ ನಿಮ್ಮಪ್ಪ ದಿನಾ ಅನ್ನಲ್ವಾ? ಸಾವಿರಾರು ಮೈಲಿ ದೂರದ ಎರಡು ಭಾಷೆಗಳು ಒಂದನ್ನೊಂದು ಕೇಳದೆ ಒಂದೇ ಜಾಗಕ್ಕೆ ಬಂದು ನಿಂತಿವೆ ಅನಿಸಿತು.

ಆಮೇಲೆ ಯೋಚನೆ ಮಾಡಿದೆ, ನಮ್ಮ ‘ಕೊರೆ’ ಇನ್ನೂ ದೂರ ಹೋಗಿದೆ. ಮಾಘದ ಚಳಿ ಕೊರೆಯುತ್ತೆ. ಸಮುದ್ರ ದಡವನ್ನು ಕೊರೆದರೆ ಕಡಲ್ಕೊರೆತ. ಸಾಲ ಮನಸ್ಸನ್ನು ಕೊರೆಯುತ್ತೆ. ನಮ್ಮ ಟೊಮೆಟೊಗೆ ಬೀಳೋ ಹುಳಕ್ಕೆ ಕಾಯಿಕೊರಕ ಅಂತೀವಿ. ಇಂಗ್ಲಿಷಿನಲ್ಲಿ ಅದೂ ‘ಬೋರರ್’ರೇ. ನಿನ್ನ ಬೇಜಾರಿನ ಪದ ಒಂದು ಕಡೆ ಹುಳದ ಬಾಯಲ್ಲಿದೆ, ಇನ್ನೊಂದು ಕಡೆ ಬಂದೂಕಿನ ನಳಿಗೆಯಲ್ಲಿ. 12 ಬೋರ್ ಅಂದರೆ ಒಂದು ಪೌಂಡು ಸೀಸದಲ್ಲಿ ಒಂದೇ ಸಮನಾದ 12 ಗುಂಡು ಮಾಡಿದಾಗ ಅದರಲ್ಲೊಂದು ಸರಿಯಾಗಿ ಹಿಡಿಸೋಷ್ಟು ನಳಿಗೆಯ ಅಗಲ. ಸಮುದ್ರದ ಉಬ್ಬರ ನದಿಯೊಳಗೆ ಗೋಡೆಯ ಹಾಗೆ ನುಗ್ಗೋದಕ್ಕೂ ಬೋರ್ ಅಂತಾರೆ. ಬಂಗಾಳದ ಹೂಗ್ಲಿಯಲ್ಲಿ, ಚೀನಾದ ಚಿಯಾನ್‌ಟಾಂಗ್ ನದಿಯಲ್ಲಿ ಅದು ಬರುತ್ತೆ. ವರ್ಷವಿಡೀ ಹರಿಯೋ ನದಿಯೇ ಇಲ್ಲದ ನಮ್ಮ ಕೋಲಾರ ಜಿಲ್ಲೆಯಲ್ಲಿ ನಿಂತು ಆ ಅರ್ಥ ಹೇಳಿಕೊಡೋದು ಕಷ್ಟ. ಮಕ್ಕಳು ನನ್ನ ಮುಖ ನೋಡ್ತಾರೆ. ವರ್ಷಕ್ಕೆ 700 ಮಿಲಿಮೀಟರ್ ಆಸುಪಾಸು ಮಳೆ, ಅದನ್ನು ಹಿಡಿದಿಡೋಕೆ ಹಿರಿಯರು ಕಟ್ಟಿಸಿದ ಕೆರೆಗಳು, ಅಷ್ಟೇ ನಮ್ಮದು.

ಇನ್ನು ತಾತನ ಬೋರು.

ಸರ್ಕಾರಿ ಕಾಗದದಲ್ಲಿ ‘ಕೊಳವೆ ಬಾವಿ’. ಊರಲ್ಲಿ ಯಾರ ಬಾಯಲ್ಲೂ ಆ ಮಾತು ಕೇಳಿಲ್ಲ. ಬೋರ್‌ವೆಲ್ ಅನ್ನೋದೂ ಹೆಚ್ಚಾಗಿ ನಮ್ಮ ದೇಶದ ಇಂಗ್ಲಿಷೇ. ಬ್ರಿಟನ್ನಿನಲ್ಲಿ, ಆಫ್ರಿಕಾದ ದೇಶಗಳಲ್ಲಿ ‘ಬೋರ್‌ಹೋಲ್’ ಅಂತಾರೆ. ಅವರದು ತೂತು, ನಮ್ಮದು ಬಾವಿ. ಬಾವಿ ಅಂದ ಮೇಲೆ ಅದರೊಳಗೆ ನೀರಿರಬೇಕು ಅನ್ನೋ ಆಸೆ ಹೆಸರಿನಲ್ಲೇ ಸೇರಿಕೊಂಡಿದೆ.

ನಾನು ಸೊಸೆಯಾಗಿ ಬಂದಾಗ ಹೊಲದ ಮೂಲೆಯ ಕಪಿಲೆ ಬಾವಿ ಇನ್ನೂ ಕುಸಿದಿರಲಿಲ್ಲ. 45 ಅಡಿ ಆಳ, ಕಲ್ಲು ಕಟ್ಟಡ, ಇಳಿಯೋಕೆ ಮೆಟ್ಟಿಲು. ಜೋಡಿ ಎತ್ತು ಇಳಿಜಾರಿನಲ್ಲಿ ಹೋಗ್ತಾ ಹಗ್ಗ ಎಳೆದರೆ ತೊಗಲಿನ ಚೀಲ ನೀರು ತುಂಬಿಕೊಂಡು ಮೇಲೆ ಬರ್ತಿತ್ತು ಅಂತ ನಿಮ್ಮಜ್ಜಿ ಹೇಳ್ತಿದ್ದರು. ತಾತ ಮೊದಲ ಬೋರು ಹಾಕಿಸಿದ್ದು 1986ರಲ್ಲಿ. 160 ಅಡಿಗೇ ಮೂರು ಇಂಚು ನೀರು. ಊರಿಗೆಲ್ಲ ಬೆಲ್ಲದ ಪಾನಕ ಹಂಚಿದರಂತೆ. ಹಿಪ್ಪುನೇರಳೆ ಹಾಕಿದರು, ಹುಳ ಮೇಯಿಸಿದರು, ಈ ಮನೆಗೆ ತಾರಸಿ ಬಂತು. ಅಕ್ಕಪಕ್ಕದವರೂ ಕೊರೆಸಿದರು. ಬಾವಿಯ ನೀರು ಕೆಳಗೆ ಹೋಯ್ತು, ಆಮೇಲೆ ಆ ಬೋರಿನದೂ ಹೋಯ್ತು. 1996ರಲ್ಲಿ 410 ಅಡಿ. 2003ರಲ್ಲಿ 780. ನಾಲ್ಕನೆಯದು 2009ರಲ್ಲಿ. ಆಗ ನಿನಗೆ ನಾಲ್ಕು ವರ್ಷ.

ಆ ರಾತ್ರಿ ನಿನಗೆ ನೆನಪಿರಲಾರದು. ತೆಂಗಿನಕಾಯಿ ಅಂಗೈ ಮೇಲಿಟ್ಟುಕೊಂಡು ಹೊಲವೆಲ್ಲ ಓಡಾಡಿದ ಒಬ್ಬರು, ಕಾಯಿ ಎದ್ದು ನಿಂತ ಕಡೆ ಪಾಯಿಂಟ್ ಮಾಡಿಕೊಟ್ಟಿದ್ದರು. ನನಗೆ ಅದರಲ್ಲಿ ನಂಬಿಕೆ ಇರಲಿಲ್ಲ. ಆದರೆ ನಂಬಿದವರ ಮುಖ ನೋಡಿ ಬಾಯಿ ಬರಲಿಲ್ಲ. ಸಂಜೆಗೆ ಎರಡು ಲಾರಿ ಬಂದವು, ತಮಿಳುನಾಡಿನ ತಿರುಚೆಂಗೋಡಿನವು. ಒಂದರಲ್ಲಿ ರಿಗ್, ಇನ್ನೊಂದರಲ್ಲಿ ಕಂಪ್ರೆಸರ್. ಅರಿಶಿನ ಕುಂಕುಮ ಇಟ್ಟು, ಕರ್ಪೂರ ಹಚ್ಚಿ, ಕಾಯಿ ಒಡೆದು ಶುರು ಮಾಡಿದರು. ಮೊದಲು ಕೆಂಪು ಧೂಳು ಬಂತು. ಆಮೇಲೆ ಮೆದುಗಲ್ಲಿನ ಕಂದು ಪುಡಿ. ಗಟ್ಟಿ ಬಂಡೆ ಸಿಕ್ಕೋವರೆಗೆ ಮಣ್ಣು ಕುಸೀದಿರಲಿ ಅಂತ ಕೇಸಿಂಗ್ ಪೈಪು ಇಳಿಸಿದರು. ಅಲ್ಲಿಂದ ಮುಂದೆ ಬಿಳಿ ಪುಡಿ, ರಾತ್ರಿಯೆಲ್ಲ ಬಿಳಿ ಪುಡಿ. ನಮ್ಮ ನೆಲದ ಕೆಳಗಿರೋದು ಒಂದೇ ಬಂಡೆ ಪುಟ್ಟಿ. ಅದರ ಬಿರುಕಿನಲ್ಲಿ ನೀರಿದ್ದರೆ ಇತ್ತು, ಬಿರುಕೇ ಸಿಗದಿದ್ದರೆ ಇಲ್ಲ.

ಒಂದು ರಾಡು 20 ಅಡಿ. ಪ್ರತಿ ರಾಡು ಇಳಿದು ಮುಗಿದಾಗ ಮಿಷನ್ ಒಂದು ಗಳಿಗೆ ನಿಲ್ಲುತ್ತೆ, ಇನ್ನೊಂದನ್ನು ಜೋಡಿಸ್ತಾರೆ. ಆ ಒಂದು ಗಳಿಗೆಯಲ್ಲಿ ಎಲ್ಲರೂ ತಾತನ ಮುಖ ನೋಡೋರು. ಅಡಿಗೆ ಇಷ್ಟು ಅಂತ ರೇಟು, ಆಳಕ್ಕೆ ಹೋದ ಹಾಗೆ ರೇಟೂ ಏರುತ್ತೆ. 680 ಅಡಿಯಲ್ಲಿ ಪುಡಿ ಹಸಿಯಾಗಿ, ಉಂಡೆ ಉಂಡೆಯಾಗಿ ಬಂತು. ನಿಮ್ಮಪ್ಪ ಓಡಿಹೋಗಿ ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಬಂದು ನನ್ನ ಕೈಗೆ ಕೊಟ್ಟರು. ತಣ್ಣಗಿತ್ತು. ಎರಡು ರಾಡಿಗೆ ಮತ್ತೆ ಒಣಗಿತು. ‘ಇನ್ನೂ ಹೋಗೋದಾ, ನಿಲ್ಸೋದಾ?’ ಅಂತ ಆಪರೇಟರ್ ಕೇಳಿದ. ‘ಇನ್ನೊಂದು ರಾಡು’ ಅಂದರು ತಾತ. ಆಮೇಲೆ ಬೆಳಗಿನ ಜಾವದವರೆಗೂ ಅವರ ಬಾಯಿಂದ ಬಂದಿದ್ದು ಅದೊಂದೇ ಮಾತು. ಇನ್ನೊಂದು ರಾಡು. ನೀನು ಕಿವಿಗೆ ಹತ್ತಿ ಇಟ್ಟುಕೊಂಡು ಅವರ ಹೆಗಲ ಮೇಲೆ ಮಲಗಿ ನಿದ್ದೆ ಹೋಗಿದ್ದೆ. ನಿನ್ನ ಕೂದಲು, ಅವರ ಮೀಸೆ, ಎರಡೂ ಬೆಳ್ಳಗಾಗಿದ್ದವು. 1,150 ಅಡಿಗೆ ನಿಲ್ಲಿಸಿದರು. ಅದಕ್ಕೆ ಕೊಟ್ಟಿದ್ದು ನನ್ನ ಎರಡು ಬಳೆ ಅಡವಿಟ್ಟ ದುಡ್ಡು.

ಐದನೇದು 2013ರಲ್ಲಿ, 1,320 ಅಡಿ. ಎಂಟು ತಿಂಗಳು ನೀರು ಕೊಟ್ಟು ನಿಂತಿತು. ಆರನೇದರ ವಿಷಯ ಬರೆಯೋಕೆ ಮನಸ್ಸಿಲ್ಲ.

ನನ್ನ ತವರು ಬಂಗಾರಪೇಟೆ ಕಡೆ. ಅಲ್ಲಿಂದ ಹತ್ತಿರದಲ್ಲೇ ಚಿನ್ನಕ್ಕೆ ಮೂರು ಕಿಲೋಮೀಟರಿಗೂ ಆಳ ಹೋಗಿದ್ದ ಚಾಂಪಿಯನ್ ರೀಫ್ ಗಣಿ. 1902ರಲ್ಲೇ ಶಿವನಸಮುದ್ರದಿಂದ ಕರೆಂಟು ತರಿಸಿಕೊಂಡ ಕೆಜಿಎಫ್ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಒಂದೇ ಜಿಲ್ಲೆಯವರು ಹೊಳೆಯೋದಕ್ಕೂ ಕೊರೆದಿದ್ದೀವಿ, ಕುಡಿಯೋದಕ್ಕೂ ಕೊರೆದಿದ್ದೀವಿ.

ಆಳ ಹೋದ ಹಾಗೆ ನೀರಿನ ಗುಣವೂ ಕೆಟ್ಟಿತು. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಫ್ಲೋರೈಡು ಹಲ್ಲಿಗೂ ಮೂಳೆಗೂ ಕೆಟ್ಟದ್ದು. ಬಂಡೆಯಿಂದಲೇ ಅದು ನೀರಿಗೆ ಇಳಿಯುತ್ತೆ. ನನ್ನ ಕ್ಲಾಸಿನಲ್ಲಿ ನಗುವಾಗ ಬಾಯಿಗೆ ಕೈ ಅಡ್ಡ ಇಟ್ಟುಕೊಳ್ಳೋ ಹೆಣ್ಣುಮಕ್ಕಳಿದ್ದರು. ಮೊದಲು ನಾಚಿಕೆ ಅಂದುಕೊಂಡಿದ್ದೆ. ಹಲ್ಲಿನ ಕಂದು ಕಲೆ ಕಾಣಿಸಬಾರದು ಅಂತ ಹಾಗೆ ಮಾಡ್ತಾರೆ ಅಂತ ಗೊತ್ತಾಗೋಕೆ ನನಗೆ ಒಂದು ವರ್ಷ ಬೇಕಾಯ್ತು. ಈಗ ಶುದ್ಧ ನೀರಿನ ಘಟಕದಿಂದ ಕ್ಯಾನು ತುಂಬಿಸಿಕೊಂಡು ಬರ್ತೀವಿ, ನೀನೂ ನೋಡಿದ್ದೀಯ.

ತಾತ ಫೇಲಾದ ಪ್ರತಿಯೊಂದು ಬೋರಿನ ಬಾಯಿಗೂ ಚಪ್ಪಡಿ ಕಲ್ಲು ಎಳೆಸಿ ಮುಚ್ಚಿಸಿದ್ದಾರೆ. ಆರೂವರೆ ಇಂಚಿನ ತೂತಿಗೆ ನಾಲ್ಕು ಜನ ಎತ್ತೋ ಕಲ್ಲು ಯಾಕೆ ಮಾವ ಅಂತ ನಾನೇ ಕೇಳಿದ್ದೆ. ‘ಮಗೂ ಓಡಾಡ್ತದಲ್ಲಮ್ಮ’ ಅಂದರು. ಮಗು ಅಂದರೆ ನೀನು. ಬಿಟ್ಟುಹೋದ ಬೋರುಗಳನ್ನು ಮುಚ್ಚಿಸಬೇಕು ಅಂತ ಸುಪ್ರೀಂ ಕೋರ್ಟು ಹೇಳಿದ್ದು ಆಮೇಲೆ, 2010ರಲ್ಲಿ. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲೂಕಿನ ಲಚ್ಯಾಣದಲ್ಲಿ ಕೊಳವೆ ಬಾವಿಗೆ ಬಿದ್ದ ಮಗುವನ್ನು ಜೀವಂತ ಮೇಲಕ್ಕೆತ್ತಿದಾಗ ತಾತ ಟಿವಿ ಮುಂದೆ ಕೈ ಮುಗಿದರು, ಆಮೇಲೆ ಕೋಲು ತಗೊಂಡು ಹೊಲಕ್ಕೆ ಹೋಗಿ ಎಲ್ಲ ಕಲ್ಲನ್ನೂ ಒಂದು ಸುತ್ತು ನೋಡಿ ಬಂದರು.

ಇಂಗ್ಲಿಷಿನಲ್ಲಿ ಇನ್ನೊಂದು ಬೋರ್ ಇದೆ. ಸ್ಪೆಲಿಂಗೂ ಇದೇ, ಉಚ್ಚಾರಣೆಯೂ ಇದೇ, ಬೇರು ಮಾತ್ರ ಬೇರೆ. ‘ಬೇರ್’ ಅನ್ನೋ ಕ್ರಿಯಾಪದದ ಭೂತಕಾಲ. ಹೊತ್ತಳು, ತಾಳಿಕೊಂಡಳು, ಹೆತ್ತಳು, ಮೂರಕ್ಕೂ ‘ಶೀ ಬೋರ್’. ಭಾರ ಹೊತ್ತದ್ದಕ್ಕೂ ಅದೇ, ನೋವು ನುಂಗಿದ್ದಕ್ಕೂ ಅದೇ, ಮಗು ಹೆತ್ತದ್ದಕ್ಕೂ ಅದೇ. ‘ಐ ವಾಸ್ ಬಾರ್ನ್’ ಅಂತ ನೀನು ಒಂದನೇ ಕ್ಲಾಸಿನಿಂದ ಬರೀತಿದ್ದೀಯಲ್ಲ, ಅದರಲ್ಲೂ ಇದೇ ಪದ ಇದೆ: ಹೊರಲ್ಪಟ್ಟೆ ಅಂತ. ಕನ್ನಡದಲ್ಲಿ ‘ಹೊತ್ತು ಹೆತ್ತವಳು’ ಅಂತೀವಿ, ಹೊರುವುದೂ ಹೆರುವುದೂ ಒಂದು ಅಕ್ಷರದ ಅಂತರದಲ್ಲಿ ನಿಂತಿವೆ. ಬಿ.ಎ. ಓದುವಾಗ ಇದು ನನಗೆ ಬರೀ ವ್ಯಾಕರಣ ಆಗಿತ್ತು. 2009ರ ಆ ಬೆಳಗ್ಗೆ ಧೂಳು ಮೆತ್ತಿದ ಮೈಯಲ್ಲಿ ನಿನ್ನನ್ನು ಹೊತ್ತುಕೊಂಡು ತಾತ ಮನೆ ಕಡೆ ನಡೆದು ಬರ್ತಿದ್ದರು. ಒಂದು ಮಾತೂ ಆಡಲಿಲ್ಲ, ಯಾರನ್ನೂ ದೂರಲಿಲ್ಲ. ಆ ಪದದ ಅರ್ಥ ನನಗೆ ತಿಳಿದಿದ್ದು ಅವತ್ತು.

ನಿನಗೆ ಊರಿನಲ್ಲಿ ಬೇಜಾರಾಗುತ್ತೆ ಅಂದರೆ ನಾನು ನಂಬ್ತೀನಿ. ನನಗೂ ಈ ಊರಲ್ಲಿ ಮೊದಮೊದಲು ಆಗಿತ್ತು. ‘ಬೇಜಾರು’ ಪಾರ್ಸಿಯಿಂದ ನಮ್ಮ ಮನೆಯೊಳಗೆ ಬಂದು ಕೂತ ಮಾತು, ‘ಬೇಸರ’ ಅಂತೂ ನಮ್ಮದೇ. ಆದರೆ ಬೇಜಾರು ಅಂದರೆ ನಮ್ಮಲ್ಲಿ ದುಃಖವೂ ಹೌದು. ಕೆಲಸವಿಲ್ಲದೆ ಕೂತರೂ ಬೇಜಾರು, ಹತ್ತಿರದವರು ಹೋದರೂ ಬೇಜಾರು. ನೀನು ‘ಬೋರ್’ ಅಂದಾಗ ಯಾವ ಬೇಜಾರು ಅಂತ ನನಗೆ ತಿಳಿಯಲ್ಲ. ಹಾಸ್ಟೆಲಿನಲ್ಲಿ ಏನಾದರೂ ಮನಸ್ಸಿಗೆ ಹತ್ತಿದ್ದರೆ ಅದನ್ನೂ ಬೋರ್ ಅಂತ ಹೇಳಿ ಮುಚ್ಚಿಬಿಡಬೇಡ. ಅದಕ್ಕೆ ಯಾವ ಹೆಸರಿದೆಯೋ ಆ ಹೆಸರಿನಲ್ಲೇ ಹೇಳು. ಅಮ್ಮನಿಗೆ ಗೊತ್ತಾಗಬೇಕಾದ್ದು ಅದು.

ಒಂದು ವಿಷಯ ನಿನಗೆ ಸರಿಯಾಗಿ ಹೇಳಿಲ್ಲ. ತಾತ ‘ಐದು ಒಣಗವೆ’ ಅಂದರಲ್ಲ, ಆರರಲ್ಲಿ ನೀರಿರೋದು ಯಾವುದು ಗೊತ್ತಾ? ಆಳದ್ದು ಯಾವುದೂ ಅಲ್ಲ. 1996ರ ಆ 410 ಅಡಿಯದು. ಅದೂ ಸತ್ತೇಹೋಗಿತ್ತು. 2018ರ ಜೂನಿನಲ್ಲಿ ಕೆ.ಸಿ. ವ್ಯಾಲಿ ನೀರು ಮೊದಲು ಲಕ್ಷ್ಮೀಸಾಗರದ ಕೆರೆಗೆ ಬಂತು. ಕೋರಮಂಗಲ, ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಸಂಸ್ಕರಿಸಿ ನಮ್ಮ ಜಿಲ್ಲೆಯ ಕೆರೆಗಳಿಗೆ ಹರಿಸೋ ಯೋಜನೆ ಅದು. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೇದೂ ಆಗಬೇಕು ಅಂತ ಇಲ್ಲಿ ಜನ ಹೋರಾಡ್ತಾನೇ ಇದ್ದಾರೆ, ಅವರ ಮಾತು ಸರಿ ಅಂತಲೇ ನನಗನಿಸುತ್ತೆ. ಆ ನೀರನ್ನು ನೇರವಾಗಿ ಹೊಲಕ್ಕೆ ಎತ್ತೋ ಹಾಗಿಲ್ಲ, ಕೆರೆಯಲ್ಲಿ ನಿಂತು ನೆಲಕ್ಕೆ ಇಂಗಬೇಕು. ನಮ್ಮ ಕೆರೆಗೆ ಬಂದು ಒಂದು ವರ್ಷವಾದ ಮೇಲೆ ಒಂದು ಸಂಜೆ ತಾತ ಹಾರೆ ಹಾಕಿ ಆ ಚಪ್ಪಡಿ ಸರಿಸಿ, ಒಂದು ಸಣ್ಣ ಕಲ್ಲು ಒಳಗೆ ಬಿಟ್ಟು ಕಿವಿಗೊಟ್ಟು ಕೂತರು. ನಾನು ಪಕ್ಕದಲ್ಲೇ ಇದ್ದೆ. ‘ಗುಳುಂ’ ಅಂತು. ಇನ್ನೊಂದು ಕಲ್ಲು ಬಿಟ್ಟರು. ಮತ್ತೆ ಗುಳುಂ. ಕತ್ತಲಾಗೋವರೆಗೂ ಒಂದೊಂದೇ ಕಲ್ಲು ಹುಡುಕಿ ತಂದು ಬಿಡ್ತಾನೇ ಇದ್ದರು.

ನಿನ್ನ ಹಾಸ್ಟೆಲು ಕೋರಮಂಗಲದಲ್ಲಿದೆ. ನೀನು ಸ್ನಾನ ಮಾಡಿದ ನೀರೂ ಸುತ್ತಿ ಬಳಸಿ ನಮ್ಮ ಕೆರೆಗೆ ಬಂದಿದ್ದರೂ ಬಂದಿರಬಹುದು. ಅದಕ್ಕೇ ಅಲ್ಲಿ ಬಕೆಟ್ಟಿಗೆ, ಮೋರಿಗೆ ಏನು ಸುರೀತೀಯ ಅನ್ನೋದರ ಮೇಲೆ ಗಮನ ಇರಲಿ.

ನಿನ್ನೆ ರಾತ್ರಿ ಊಟಕ್ಕೆ ಕೂತಾಗ ತಾತನಿಗೆ ಹೇಳಿದೆ, ಅವಳು ಅಂದಿದ್ದು ಕೊರೆಸೋ ಬೋರಲ್ಲ ಮಾವ, ಬೇಜಾರು ಅಂತ ಅದರರ್ಥ ಅಂತ. ಅವರು ಮುದ್ದೆ ಮುರಿಯೋದು ನಿಲ್ಲಿಸಿ ನನ್ನನ್ನೇ ನೋಡಿದರು. ‘ಹೌದಾ? ನಾನು ನೀರಿನ ಮಾತು ಅಂದ್ಕೊಂಡೆ’ ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಪಾಪ, ಮಗೂಗೆ ಬೇಜಾರಾಗಿತ್ತು, ನಂಗೆ ತಿಳೀಲಿಲ್ಲ. ಯುಗಾದಿಗೆ ಬರ್ತಾಳಲ್ಲ, ಕೆರೆ ಏರಿ ಮೇಲೆ ಕರ್ಕೊಂಡೋಗ್ತೀನಿ. ಕೊಕ್ಕರೆ ಬಂದವೆ, ತೂಬಿನ ತಾವ ಮೀನೂ ಕಾಣ್ತವೆ’ ಅಂದರು. ಬೆಳಗ್ಗೆ ಎದ್ದು ನೋಡಿದರೆ ಕೋಲು ಹಿಡಿದುಕೊಂಡು ಆಗಲೇ ದಾರಿ ನೋಡಿ ಬರೋಕೆ ಹೋಗಿದ್ದಾರೆ.

ಬರುವಾಗ ಆ ತೆಳು ಚಪ್ಪಲಿ ಹಾಕ್ಕೊಂಡು ಬರಬೇಡ. ಏರಿ ಮೇಲೆ ಜಾಲಿ ಮುಳ್ಳು ಜಾಸ್ತಿ.

ಇಂತಿ,
ನಿನ್ನ ಅಮ್ಮ